ಮೊದಲು ಅಪ್ಪಂದಿರ ಜೇಬು ತಡಕಿ

ಮಗ ಚಟಕ್ಕೆ ಬಿದ್ದನೆಂದು ಗೊತ್ತಾದ ಕೂಡಲೇ ನಮ್ಮ ಕತ್ತಲಗೆರೆ ಕಡೆಯ ಅಪ್ಪಂದಿರು ಅವನನ್ನು ಮಠಕ್ಕೆ ಎಳೆದು ತರುತ್ತಾರೆ. "ಬುದ್ಧೀ, ಇವನಿಗೆ ನೀವಾದರೂ ನಾಲ್ಕು ಮಾತು ಹೇಳಿ" ಎನ್ನುತ್ತಾರೆ. ಹಾಗೆನ್ನುವ ಅಪ್ಪನ ದವಡೆಯಲ್ಲೇ ಗುಟ್ಕಾ ಇರುತ್ತದೆ. ಕಂಡವರ ಕಥೆ ಹೇಳುತ್ತಿಲ್ಲ. ಆ ಅಪ್ಪ ನಾನೇ.

ಆರನೇ ತರಗತಿಯಿಂದ ನನಗೆ ಚೀಟು ತಂದುಕೊಡುತ್ತಿದ್ದವನು ಮಗನೇ. ಮಿಕ್ಕ ಚಿಲ್ಲರೆ ಅವನ ಪಾಲು. ಹತ್ತಕ್ಕೆ ಬಂದಾಗ ಅವನ ಪುಸ್ತಕದ ಚೀಲದಲ್ಲಿ ನಾನು ಹಾಕುವ ಚೀಟೇ ಸಿಕ್ಕಿತು. ಹೊಡೆದೆ. ಅವನು ಅಳಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ನಿಂತ.

ಗಾಂಜಾ, ಮಾತ್ರೆ ಎಂದರೆ ನಾವು ಬೆಚ್ಚಿಬೀಳುತ್ತೇವೆ. ಅದು ಪೇಟೆಯಿಂದ ಬಂದ ಪಿಡುಗು, ಪೊಲೀಸರು ಹಿಡಿಯಬೇಕು ಎನ್ನುತ್ತೇವೆ. ಮನೆಯೊಳಗಿನ ಮೊದಲ ಪಾಠ ಯಾರದು? 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲ ಒಂದು ಚೀಟು, ತಂಬಾಕು ಇನ್ನೊಂದು ಚೀಟಾಗಿ ಬಂತು. ಬೆರೆಸುವ ಕೆಲಸ ನಮ್ಮ ಅಂಗೈಗೆ ಬಿತ್ತು. 21 ತುಂಬದವರಿಗೆ ತಂಬಾಕು ಮಾರಬಾರದೆಂದು ರಾಜ್ಯದಲ್ಲಿ ಕಾಯ್ದೆ ಇದೆ. "ಅಪ್ಪ ಕಳಿಸಿದ್ದಾರೆ" ಎಂಬ ಒಂದು ಮಾತಿಗೆ ಆ ಕಾಯ್ದೆ ಮುರಿಯುತ್ತದೆ. ಮಗುವಿನ ಕೈಯಲ್ಲಿ ಮದ್ಯ ತರಿಸುವವರಂತೂ ತಿಳಿದುಕೊಳ್ಳಲಿ: ಮಕ್ಕಳಿಂದ ಮದ್ಯ, ಮಾದಕ ವಸ್ತು ಸಾಗಿಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ.

ಇನ್ನೊಂದು ಮಾತು ಬರೆದರೆ ಖೇಣಿದಾರರು, ಬೆಳೆಗಾರರು ಸಿಟ್ಟಾಗುತ್ತಾರೆ. ನನಗೂ ಎರಡು ಎಕರೆ ಅಡಿಕೆ ತೋಟವಿದೆ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ತೋಟ ಕಡಿಯಿರಿ ಎನ್ನುತ್ತಿಲ್ಲ. ಆದರೆ ಕ್ವಿಂಟಾಲಿಗೆ ದರ ಏರಿದ ದಿನ ಹಿಗ್ಗುವ ನಾವು, ಅದು ಯಾರ ಮಕ್ಕಳ ಬಾಯಿಗೆ ಹೋಗುತ್ತದೆಂದು ಮನೆಯಲ್ಲಿ ಒಮ್ಮೆಯಾದರೂ ಮಾತಾಡಿದ್ದೇವೆಯೇ?

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಕಾಳು ಕೇಳಲಿಲ್ಲ, ದುಡ್ಡು ಕೇಳಲಿಲ್ಲ; ಚಟ ಕೇಳಿದರು. ಕುಡಿಯುವ, ಸೇದುವ ದೊಡ್ಡವರ ಮನೆ ಬಾಗಿಲಿಗೇ ಹೋದರು. ಅವರು ಹುಟ್ಟಿದ ಆಗಸ್ಟ್ 1 ಇಂದು ಸರ್ಕಾರದ ವ್ಯಸನಮುಕ್ತ ದಿನ. ಆ ದಿನ ನಾವು ಮಾಡುವುದೇನು? ಶಾಲೆಯ ಮಕ್ಕಳಿಂದ ಮಳೆಯಲ್ಲಿ ಘೋಷಣೆ ಕೂಗಿಸಿ, ಕಟ್ಟೆಯ ಮೇಲೆ ಕೂತು ಅಗಿಯುತ್ತ ನೋಡುವುದು! ದೊಡ್ಡವರ ಮುಂದೆ ಹಿಡಿದ ಜೋಳಿಗೆಯನ್ನು ಮಕ್ಕಳ ಕಡೆ ತಿರುಗಿಸಿಬಿಟ್ಟಿದ್ದೇವೆ.

ಮಠಗಳಿಗೆ ನನ್ನದೊಂದು ಬಿನ್ನಹ. ಮಗನನ್ನು ಕರೆತಂದ ಅಪ್ಪನಿಗೆ ಮೊದಲು ಜೇಬು ತೋರಿಸು ಎನ್ನಿ. ಮಕ್ಕಳಿಗೆ ಲಿಂಗದೀಕ್ಷೆ ಕೊಡುವ ದಿನ ತಂದೆಯೂ ತನ್ನ ಚೀಟು, ಬೀಡಿ, ಬಾಟಲಿಯನ್ನು ಎಲ್ಲರೆದುರು ಜೋಳಿಗೆಗೆ ಹಾಕಲಿ. ನನಗೆ ಬುದ್ಧಿಯವರು ಹಾಗೆಯೇ ಕೇಳಿದರು. ನಾಚಿಕೆಯಿಂದ ಹಾಕಿದೆ. ಎಂಟು ತಿಂಗಳಾಯಿತು. ನಡುವೆ ಎರಡು ಸಲ ಜಾರಿದೆ. ಅದನ್ನೂ ಮಗನಿಗೆ ಹೇಳಿದೆ. ಈಗ ಸಂಜೆ ತೋಟಕ್ಕೆ ನೀರು ಬಿಡುವಾಗ ಅವನು ಜೊತೆಗೆ ಬರುತ್ತಾನೆ. ಕಾಲೇಜಿನ ಹತ್ತಿರ ಯಾರು ಏನು ಕೊಡಲು ಬಂದರು, ತಾನು ಏನೆಂದೆ ಎಂಬುದನ್ನು ಕೇಳದೆಯೇ ಹೇಳುತ್ತಾನೆ.