ಕಷ್ಟದಲ್ಲಿ ಕುಂದದ ಸಂಕಲ್ಪ

ಕಷ್ಟವು ಮನುಷ್ಯನನ್ನು ಪುಟವಿಟ್ಟ ಚಿನ್ನದಂತೆ ಶುದ್ಧಗೊಳಿಸುವುದೆಂದು ಹೇಳುವುದು ವಾಡಿಕೆ. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಒಲೆಯ ಬೆಂಕಿಯು ಅಕ್ಕಿಯನ್ನು ಅನ್ನವಾಗಿಸುವುದೂ ಉಂಟು, ಸೀಯಿಸುವುದೂ ಉಂಟು. ದುಃಖದಿಂದ ದಯಾಳುಗಳಾದವರಿರುವಂತೆಯೇ ಅದೇ ದುಃಖದಿಂದ ಕಠಿಣಹೃದಯರಾದವರೂ ಲೋಕದಲ್ಲಿದ್ದಾರೆ. ಈ ಭೇದಕ್ಕೆ ಕಾರಣವೇನು? ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಾಚಕರೊಡನೆ ವಿಚಾರಮಾಡಬಯಸುತ್ತೇವೆ.

ರಮಾಬಾಯಿಯವರು 1858ರಲ್ಲಿ, ತುಂಗಾಭದ್ರೆಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂದು ಜನರು ನಂಬಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿಗೆ ಅದನ್ನು ಕಲಿಸಿದರು; ಆ ತಾಯಿಯೇ ಮಗಳಿಗೆ ಗುರುವಾದಳು. ಪುರಾಣಪಠನದಿಂದ ಜೀವಿಸುತ್ತ ತೀರ್ಥದಿಂದ ತೀರ್ಥಕ್ಕೆ ಸಂಚರಿಸುತ್ತಿದ್ದ ಈ ಸಂಸಾರವು 1870ರ ದಶಕದ ಕ್ಷಾಮಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ, ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಈ ತರುಣಿಯನ್ನು ಪರೀಕ್ಷಿಸಿ 'ಸರಸ್ವತಿ' ಎಂಬ ಬಿರುದನ್ನಿತ್ತರು. ಆದರೆ ಬಿರುದು ಮೃತ್ಯುವನ್ನು ತಡೆಯದಷ್ಟೆ. 1880ರಲ್ಲಿ ಅಣ್ಣನೂ, 1882ರಲ್ಲಿ ಕಾಲರಾಬೇನೆಯಿಂದ ಪತಿ ಬಿಪಿನ್ ಬಿಹಾರಿ ಮೇಧಾವಿಯವರೂ ಮೃತರಾದರು. 23ನೆಯ ವಯಸ್ಸಿನಲ್ಲಿ ಆಕೆ ವಿಧವೆ. ಕೈಯಲ್ಲಿ ವರ್ಷ ತುಂಬದ ಹೆಣ್ಣುಕೂಸು ಮನೋರಮಾ.

1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವುಡುತನವು ಹೆಚ್ಚಿ ಆ ಆಸೆಯೂ ಕೈಗೂಡಲಿಲ್ಲ. ಆದರೆ ಅಲ್ಲಿ ಕ್ರೈಸ್ತ ಸಂನ್ಯಾಸಿನಿಯರು, ಸಮಾಜವು ಪತಿತೆಯರೆಂದು ದೂರವಿಟ್ಟ ಸ್ತ್ರೀಯರನ್ನು ಸಾಕಿ ಸಲಹುವುದನ್ನು ಕಂಡರು. ಇದಕ್ಕೆ ಪ್ರೇರಣೆ ಎಲ್ಲಿಂದ ಬಂದಿತೆಂದು ಕೇಳಲಾಗಿ, ಕ್ರಿಸ್ತನು ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಅವರು ಹೇಳಿದರು. ರಮಾಬಾಯಿಯವರ ಕ್ರೈಸ್ತಧರ್ಮದ ತಿರುಳು ಇದೇ ಆಯಿತು: ಎಲ್ಲರೂ ತೊರೆದವಳನ್ನು ತಾನು ತೊರೆಯಲಾಗದು. ಅದೇ ವರ್ಷ ದೀಕ್ಷಾಸ್ನಾನವನ್ನು ಪಡೆದರೂ, ತಮ್ಮ ವಿವೇಕವನ್ನು ಮತ್ತೊಬ್ಬರ ಕೈಗೆ ಒಪ್ಪಿಸಲು ಅವರು ಸಮ್ಮತಿಸಲಿಲ್ಲ. ಈ ಕಾರಣದಿಂದ ಚರ್ಚಿನ ಹಿರಿಯರೊಡನೆಯೂ ವಾದಗಳು ನಡೆದವು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ವಿದ್ಯಾರ್ಥಿನಿಯರು ಕ್ರೈಸ್ತಮತದತ್ತ ಒಲಿಯುತ್ತಿರುವರೆಂದು 1893ರಲ್ಲಿ ಕೋಲಾಹಲವೆದ್ದಿತು. ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾಸಮಿತಿಯನ್ನು ಬಿಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಆ ಪೋಷಕರ ಆತಂಕವು ನಿಷ್ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸ್ವಜನರ ಅವಿಶ್ವಾಸವು ಹಸಿವಿಗಿಂತಲೂ ದುಸ್ಸಹವಾದುದೆಂಬುದನ್ನು ಬಲ್ಲವರೇ ಬಲ್ಲರು. ಅವರು ಸದನದ ಬಾಗಿಲನ್ನು ಮುಚ್ಚಲಿಲ್ಲ. ಉಳಿದವರಿಗೆ ಪಾಠ ಹೇಳುತ್ತ ನಡೆದರು.

ಅನಂತರ 1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮವಾಯಿತು. ಎಲುಬಿನ ಗೂಡುಗಳಾಗಿದ್ದ ಬಾಲಿಕೆಯರನ್ನು ನೋಡಿದಾಗ, ಇಪ್ಪತ್ತು ವರ್ಷಗಳ ಹಿಂದೆ ಅನ್ನವಿಲ್ಲದೆ ಅಲೆದ ತಮ್ಮನ್ನೇ ನೋಡಿದಂತಾಯಿತು. ಸದನಕ್ಕೆ ವರಮಾನವಾಗಲೆಂದು ಪುಣೆಯ ಸಮೀಪದ ಕೇಡಗಾಂವಿನಲ್ಲಿ ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ಭೂಮಿಯೇ ಆ ಅನಾಥೆಯರಿಗೆ ಆಶ್ರಯವಾಯಿತು. ಅದೇ 'ಮುಕ್ತಿ'. 1900ರ ವೇಳೆಗೆ ಅಲ್ಲಿ ಸುಮಾರು 1500 ಮಂದಿ ಇದ್ದರು. ನೇಯುವುದು, ಹೈನುಗಾರಿಕೆ, ಅಚ್ಚುಕೂಟ, ಎಲ್ಲವನ್ನೂ ಸ್ತ್ರೀಯರೇ ನಡೆಸುತ್ತಿದ್ದರು, ಕುರುಡಿಯರಿಗೂ ಅಕ್ಷರಾಭ್ಯಾಸವಿದ್ದಿತು. ಕನ್ನಡನಾಡಿಗೂ ಈ ಕೆಲಸದ ಶಾಖೆಯೊಂದು ಚಾಚಿತು. ಗುಲ್ಬರ್ಗದಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯನ್ನು ಮಗಳು ಮನೋರಮಾ ನೋಡಿಕೊಂಡರು.

ಮುಪ್ಪಿನಲ್ಲಿ ರಮಾಬಾಯಿಯವರು, ಹೆಚ್ಚು ಓದದ ಹೆಂಗಸರಿಗೂ ತಿಳಿಯಲೆಂದು ಹೀಬ್ರೂ ಮತ್ತು ಗ್ರೀಕ್ ಮೂಲಗಳನ್ನು ಅಭ್ಯಸಿಸಿ ಬೈಬಲನ್ನು ಸುಲಭವಾದ ಮರಾಠಿಗೆ ಪರಿವರ್ತಿಸುತ್ತಿದ್ದರು. 1921ರಲ್ಲಿ, ತಮ್ಮ ಅನಂತರ ಎಲ್ಲವನ್ನೂ ನಡೆಸಬೇಕಾಗಿದ್ದ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಆಗಲೂ ಅನುವಾದದ ಕೆಲಸವು ನಿಲ್ಲಲಿಲ್ಲ. 1922ರ ಏಪ್ರಿಲಿನಲ್ಲಿ ಅವರು ಮೃತರಾದರು. ಸಂಪೂರ್ಣ ಗ್ರಂಥವು 1924ರಲ್ಲಿ ಹೊರಬಂದಿತು. ಮುಕ್ತಿಸಂಸ್ಥೆಯು ಇಂದಿಗೂ ನಡೆಯುತ್ತಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬರಿಯ ಉತ್ಸಾಹದಲ್ಲಿ ನೆಲೆಸಿದ ಸಂಕಲ್ಪವು ಉತ್ಸಾಹವಿಳಿದೊಡನೆ ಇಳಿದುಹೋಗುತ್ತದೆ. ರಮಾಬಾಯಿಯವರ ಸಂಕಲ್ಪವು ಕಣ್ಣೆದುರಿಗಿದ್ದ ಹಸಿದ ಹುಡುಗಿಯಲ್ಲಿ ನೆಲೆಸಿತ್ತು. ತಮ್ಮ ಮನಸ್ಸು ಎಷ್ಟೇ ಕುಗ್ಗಿದ್ದರೂ ಆಕೆಗೆ ಬೆಳಗ್ಗೆ ಗಂಜಿ ಬೇಕು, ಮಧ್ಯಾಹ್ನ ಪಾಠ ಬೇಕು. ಆ ಗಂಜಿಯೂ ಆ ಪಾಠವೂ ಅವರನ್ನು ಎತ್ತಿ ನಿಲ್ಲಿಸಿದವೆಂದು ನಮ್ಮ ಅಭಿಪ್ರಾಯ. ಗೃಹಸ್ಥರಾದ ನಮಗೆ ಅಷ್ಟು ದೊಡ್ಡ ಮನೆಯನ್ನು ಕಟ್ಟುವ ಶಕ್ತಿಯಿಲ್ಲದಿರಬಹುದು. ಆದರೆ ನಾವುಂಡ ದುಃಖವನ್ನೇ ಈಗ ಉಣ್ಣುತ್ತಿರುವವರು ನಮ್ಮ ಬೀದಿಯಲ್ಲಿಯೇ ಇರುವರು. ಮತವು ಯಾವುದೇ ಇರಲಿ, ಅವರ ಬಾಗಿಲನ್ನು ತಟ್ಟಿ ವಿಚಾರಿಸುವುದು ನಮ್ಮೆಲ್ಲರ ಕೈಲಾಗುವ ಕೆಲಸ.