ಪಾತ್ರೆಯ ತಳದ ಹೆಸರು

ಮದುವೆಯ ಊಟಗಳು ಮುಗಿದ ಮೇಲೆ ಪಾತ್ರೆಗಳನ್ನು ಎಣಿಸುವಾಗ, ಅನ್ಯರ ಹೆಸರು ಕೆತ್ತಿದ ಚೊಂಬೊಂದು ನಮ್ಮ ಮನೆಯಲ್ಲಿ ಉಳಿದಿರುವುದುಂಟು. ಇದು ಇಲ್ಲಿಗೆ ಹೇಗೆ ಬಂದಿತೆಂದು ಆಗ ನಾವು ವಿಚಾರಿಸುವೆವು. ಅಂತಹುದೇ ಪ್ರಶ್ನೆಯೊಂದು ಡೆನ್ಮಾರ್ಕ್ ದೇಶದ ಪ್ರಾಕ್ತನ ವಿಮರ್ಶಕರ ಮುಂದೆ ನೂರು ವರ್ಷಗಳಿಂದ ನಿಂತಿರುವುದು.

೧೯೨೦ರಲ್ಲಿ ಆ ದೇಶದ ಲೋಲಂಡ್ ದ್ವೀಪದಲ್ಲಿ, ಹೋಬಿ ಎಂಬಲ್ಲಿ, ನೆಲವನ್ನು ಅಗೆಯುವಾಗ ಪುರಾತನವಾದ ಸಮಾಧಿಯೊಂದು ಕಾಣಿಸಿತು. ಅದರಲ್ಲಿ ಪುರುಷನೊಬ್ಬನ ಅಸ್ಥಿಗಳೂ, ಪಾನಕ್ಕೆ ಬಳಸುವ ಕೊಂಬುಗಳೂ, ಕಂಚಿನ ಪಾತ್ರೆಗಳೂ, ಎರಡು ಬೆಳ್ಳಿಯ ಬಟ್ಟಲುಗಳೂ ಇದ್ದುವು. ಒಂದು ಬಟ್ಟಲಿನ ಮೇಲೆ ಟ್ರಾಯ್ ಯುದ್ಧದ ಕಥೆಯನ್ನು ಚಿತ್ರಿಸಿದೆ: ವೃದ್ಧನಾದ ಪ್ರಿಯಾಮ ರಾಜನು ಮಗನ ಶವವನ್ನು ಬೇಡುತ್ತ, ಅವನನ್ನು ಕೊಂದ ಅಕಿಲೀಸನ ಕೈಯನ್ನೇ ಮುದ್ದಿಡುತ್ತಿರುವನು. ಬಟ್ಟಲುಗಳ ತಳದಲ್ಲಿ ಗೀಚಿರುವ ಹೆಸರು 'ಸಿಲಿಯಸ್'. ರೋಮನರ ಗಡಿಯಾಗಿದ್ದ ರೈನ್ ನದಿಗೆ ಇಲ್ಲಿಂದ ಇನ್ನೂರು ಮೈಲಿಗೂ ಹೆಚ್ಚು ದೂರ!

ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. ೧೪ರಿಂದ ೨೧ರವರೆಗೆ, ಗಾಯಸ್ ಸಿಲಿಯಸ್ ಎಂಬಾತನು ರೈನ್ ತೀರದ ಸೇನೆಯೊಂದಕ್ಕೆ ಅಧಿಪತಿಯಾಗಿದ್ದನು. ಬಟ್ಟಲುಗಳು ಇವನವೇ ಇರಬೇಕೆಂದು ಅನೇಕ ವಿದ್ವಾಂಸರ ಊಹೆ. ಅದಕ್ಕೆ ಮೊದಲೇ ರೋಮನರ ನೌಕೆಗಳು ರೈನ್ ನದಿಯ ಮುಖದಿಂದ ಹೊರಟು ಕಿಂಬ್ರಿ ಜನರ ನಾಡಿನವರೆಗೆ ಹೋದುವೆಂದು ಆಗಸ್ಟಸ್ ಚಕ್ರವರ್ತಿಯು ತನ್ನ ಶಾಸನದಲ್ಲಿ ಬರೆಯಿಸಿರುವನು. ಆ ನಾಡು ಡೆನ್ಮಾರ್ಕಿನ ಜಟ್ಲಂಡ್ ಪ್ರಾಂತವೆಂದು ಸಾಮಾನ್ಯವಾದ ಅಭಿಪ್ರಾಯ.

ಆದಾಗ್ಯೂ ಬಟ್ಟಲು ಬಂದ ಮಾತ್ರಕ್ಕೆ ಸಿಲಿಯಸನೇ ಹೋಬಿಗೆ ಬಂದನೆನ್ನಲಾಗದು. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಇದೇ ತಿಬೇರಿಯಸನ ಬೆಳ್ಳಿಯ ನಾಣ್ಯಗಳು ದೊರೆತಿವೆ. ಅದರಿಂದ ರೋಮನರ ದಂಡು ಅಲ್ಲಿ ಬೀಡು ಬಿಟ್ಟಿತ್ತೆಂದು ಯಾರೂ ಹೇಳುವುದಿಲ್ಲ. ವಸ್ತುವು ಕೈಯಿಂದ ಕೈಗೆ ಸಾಗುವುದು. ವ್ಯಾಪಾರ, ಕೊಳ್ಳೆ, ಮೈತ್ರಿಯ ಕಾಣಿಕೆ, ಇವುಗಳಲ್ಲಿ ಯಾವುದಾದರೂ ಇದ್ದೀತು.

ಕಾಣಿಕೆಯೆಂಬುದಕ್ಕೆ ಆಧಾರವೂ ಉಂಟು. ರೋಮನರು ಜರ್ಮನ್ ನಾಯಕರಿಗೆ ಬೆಳ್ಳಿಯ ಪಾತ್ರೆಗಳನ್ನು ಕೊಡುತ್ತಿದ್ದರೆಂದು ರೋಮಿನ ಇತಿಹಾಸಕಾರನಾದ ಟ್ಯಾಸಿಟಸನು ತಿಳಿಸಿರುವನು. ಆದರೆ ಆ ಜನರು ಅವನ್ನು ಮಣ್ಣಿನ ಪಾತ್ರೆಗಳಿಗಿಂತ ಹೆಚ್ಚೆಂದು ಎಣಿಸರೆಂದೂ ಅವನು ಬರೆದಿರುವನು. ಹೋಬಿಯ ಸಮಾಧಿ ಈ ಮಾತನ್ನು ಒಪ್ಪುವುದಿಲ್ಲ. ಮಣ್ಣಿಗೆ ಸಮವೆಂದು ತಿಳಿದವರು ತಮ್ಮ ನಾಯಕನ ಕೊನೆಯ ಯಾತ್ರೆಗೆ ಆ ಬಟ್ಟಲುಗಳನ್ನು ಜೋಡಿಯಾಗಿ ಇರಿಸುತ್ತಿದ್ದರೆ?

ನೆರೆಯವರು ನಮ್ಮ ಮನೆಯ ವಿಷಯವಾಗಿ ಬರೆದಿಟ್ಟುದೆಲ್ಲವೂ ನಿಜವಾಗಲಾರದು. ಕೆಲವು ವೇಳೆ ನಮ್ಮ ಪಾತ್ರೆಗಳೇ ನಮ್ಮ ಪರವಾಗಿ ಸಾಕ್ಷಿ ನುಡಿಯಬೇಕಾಗುವುದು.