ಟೈರ್ ದೊಡ್ಡದಾದ್ರೆ ಮೀಟರ್ ಕಡಿಮೆ ತೋರಿಸುತ್ತೆ, ಮೈಸೂರು ರಸ್ತೆ ಕ್ಯಾಮೆರಾ ಮಾತ್ರ ನಿಜ ವೇಗವನ್ನೇ ಹಿಡಿಯುತ್ತೆ

ನಾಗರಬಾವಿ: ಕಾರಿಗೆ ಅಲಾಯ್ ವೀಲ್, ಅಗಲ ಟೈರ್ ಹಾಕಿಸೋದು ಈಗ ಮಾಮೂಲು. ನಾಗರಬಾವಿಯಿಂದ ಕೆಂಗೇರಿ ದಾಟಿದ್ರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. 2024ರಿಂದ ಕ್ಯಾಮೆರಾಗಳೂ ಬಂದಿವೆ. ಅದೇ ವರ್ಷ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್ಐಆರ್ ಹಾಕುವುದಾಗಿ ಪೊಲೀಸರು ಹೇಳಿದ್ದರು. ಹಾಗಾಗಿ ಟೈರ್ ಸೈಜ್ ಈಗ ಬರೀ ಶೋಕಿಯ ವಿಷಯವಾಗಿ ಉಳಿದಿಲ್ಲ.

ಕಾರಿನ ಸ್ಪೀಡೋಮೀಟರ್ ರಸ್ತೆಯನ್ನು ನೋಡೋದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಸೆನ್ಸರ್ ಎಣಿಸುತ್ತೆ, ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಮೊದಲೇ ಫಿಕ್ಸ್ ಮಾಡಿರೋ ಲೆಕ್ಕದಿಂದ ವೇಗ ತೋರಿಸುತ್ತೆ. ಟೈರ್ ಎತ್ತರ ಹೆಚ್ಚಾದ್ರೆ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತೆ. ಮೀಟರ್‌ಗೆ ಅದು ಗೊತ್ತಾಗಲ್ಲ.

ಇಲ್ಲಿ ಜನ ಎಡವೋದು ರಿಮ್ ನಂಬರ್‌ನಲ್ಲಿ. ರಿಮ್ ದೊಡ್ಡದಾದ ಮಾತ್ರಕ್ಕೆ ಮೀಟರ್ ಕೆಡಲ್ಲ. ಮಾರುತಿ ಸ್ವಿಫ್ಟ್‌ನಲ್ಲೇ ನೋಡಿ: ಕೆಳಗಿನ ಮಾಡೆಲ್‌ಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ರಿಮ್ 14ರಿಂದ 15 ಇಂಚಾಯಿತು. ಆದ್ರೆ ಟೈರ್ ಸೇರಿ ಒಟ್ಟು ವ್ಯಾಸ ಒಂದು 619.6 ಮಿ.ಮೀ., ಇನ್ನೊಂದು 621.5. ವ್ಯತ್ಯಾಸ ಶೇ 0.3 ಅಷ್ಟೇ.

ಲೆಕ್ಕ ಸುಲಭ. ಮೊದಲ ಸಂಖ್ಯೆ ಅಗಲ, ಎರಡನೇದು ಆ ಅಗಲದ ಶೇಕಡಾವಾರು ಪಕ್ಕೆಯ ಎತ್ತರ. ಪಕ್ಕೆ ಮೇಲೊಂದು ಕೆಳಗೊಂದು, ಅದಕ್ಕೇ ಎರಡರಿಂದ ಗುಣಿಸಿ. ರಿಮ್ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. 185/65 ಆರ್15 ಇದ್ದ ಜಾಗಕ್ಕೆ 195/55 ಆರ್16 ಹಾಕಿದ್ರೆ 620.9 ಮಿ.ಮೀ. ಮೀಟರ್ ಅಲ್ಲಾಡಲ್ಲ. ಅದೇ 16 ಇಂಚಿಗೆ 205/60 ಹಾಕಿದ್ರೆ 652.4. ಅಂದ್ರೆ ಸುಮಾರು ಶೇ 5 ಜಾಸ್ತಿ.

ಶೇ 5ಕ್ಕೆ ಏನಾಗುತ್ತೆ? ಕಂಪನಿ ಮೀಟರ್‌ಗಳು ಮೊದಲೇ ಸ್ವಲ್ಪ ಹೆಚ್ಚು ತೋರಿಸೋ ಹಾಗೆ ಇರುತ್ತವೆ. ನಿಜವಾದ ವೇಗಕ್ಕಿಂತ ಮೀಟರ್ ಕಡಿಮೆ ತೋರಿಸಲೇಬಾರದು ಅನ್ನೋದು ವಿಶ್ವಸಂಸ್ಥೆಯ ವಾಹನ ನಿಯಮ. ಒಂದು ಕಾರು 97ರಲ್ಲಿ ಹೋಗುವಾಗ ಮೀಟರ್ 100 ತೋರಿಸುತ್ತಿತ್ತು ಅಂತ ಇಟ್ಟುಕೊಳ್ಳಿ. ಈ ದೊಡ್ಡ ಟೈರ್ ಹಾಕಿದ ಮೇಲೆ ಮೀಟರಲ್ಲಿ ಅದೇ 100, ರಸ್ತೆ ಮೇಲೆ ಸುಮಾರು 102. ಕಂಪನಿ ಕೊಟ್ಟಿದ್ದ 3 ಕಿ.ಮೀ. ರಿಯಾಯಿತಿ ಹೋಗಿ 2 ಕಿ.ಮೀ. ಸಾಲ ಆಯ್ತು. ಶೇ 2ರಷ್ಟು ಬದಲಾದ್ರೆ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ, ಎಷ್ಟೋ ಸಲ ಮೀಟರ್ ನಿಜಕ್ಕೆ ಹತ್ತಿರವೇ ಆಗುತ್ತೆ. ಟೈರ್ ಸವೆದಾಗ ಉಲ್ಟಾ: ವ್ಯಾಸ ಕಡಿಮೆಯಾಗಿ ಮೀಟರ್ ಜಾಸ್ತಿ ತೋರಿಸುತ್ತೆ.

ಜೇಬಿಗೆ ತಾಗೋ ವಿಷಯ ಇನ್ನೊಂದಿದೆ. ಓಡೋಮೀಟರ್ ಕೂಡ ಇದೇ ಎಣಿಕೆ ಮೇಲೆ ಓಡುತ್ತೆ. ಶೇ 5 ದೊಡ್ಡ ಟೈರ್ ಇದ್ರೆ 10,000 ಕಿ.ಮೀ. ಓಡಿದ ಕಾರು ಸುಮಾರು 9,525 ಅಂತ ತೋರಿಸುತ್ತೆ. ಸರ್ವಿಸ್ ತಡ ಆಗುತ್ತೆ. ಟ್ಯಾಂಕ್ ಲೆಕ್ಕದಲ್ಲಿ ಮೈಲೇಜ್ ಬಿದ್ದ ಹಾಗೆ ಕಾಣುತ್ತೆ. ಅಗಲ ಟೈರ್ ಎಳೆಯೋಕೆ ಪೆಟ್ರೋಲ್ ಸ್ವಲ್ಪ ಹೆಚ್ಚು ಬೇಕು ನಿಜ, ಆದ್ರೆ ಕಮ್ಮಿಯಾದ ಮೈಲೇಜಲ್ಲಿ ಒಂದು ಪಾಲು ಬರೀ ಮೀಟರ್ ಲೆಕ್ಕದ್ದು. ಪಾಪ, ಬೈಗುಳ ತಿನ್ನೋದು ಮೆಕ್ಯಾನಿಕ್!

ಕಾನೂನು ಬೇರೆ ಇದೆ. ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಾಡು ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಅಕ್ರಮ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂ. ದಂಡಕ್ಕೆ ಅವಕಾಶ ಇದೆ. ಹಾಗಾಗಿ ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಸೈಜ್ ಆರಿಸೋದು ಕ್ಷೇಮ. ಆ ಸೈಜ್ ಮಾಲೀಕರ ಕೈಪಿಡಿಯಲ್ಲಿ ಇರುತ್ತೆ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೂ ಸಾಮಾನ್ಯವಾಗಿ ಇರುತ್ತೆ.

ಈಗಾಗಲೇ ಟೈರ್ ಬದಲಿಸಿದವರು ಫೋನ್‌ನ ಜಿಪಿಎಸ್‌ನಲ್ಲೇ ನೋಡಬಹುದು. ಬೆಳಗ್ಗೆ ಬೇಗ, ನೇರ ರಸ್ತೆಯಲ್ಲಿ, ಮೀಟರ್ ಮುಳ್ಳು 60ರಲ್ಲಿ ಅರ್ಧ ನಿಮಿಷ ಅಲ್ಲಾಡದಂತೆ ಓಡಿಸಬೇಕು. ಫೋನ್ ಪಕ್ಕದಲ್ಲಿ ಕೂತವರ ಕೈಲಿರಲಿ. ಫೋನ್ 58 ಅಂದ್ರೆ ಸರಿ, 62 ಅಂದ್ರೆ ಎಕ್ಸ್‌ಪ್ರೆಸ್‌ವೇಯಲ್ಲಿ ಮೀಟರನ್ನು 95ರ ಒಳಗೇ ಇಟ್ಟುಕೊಳ್ಳಬೇಕು.